ದೆವ್ವದ ಕಥೆಗಳ ವಿಷಯವಾಗಿ ಸೋದರಳಿಯನಿಗೊಂದು ಪತ್ರ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಸಾಗರದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಅಡಿಕೆಗೆ ಎರಡನೆಯ ಸಲ ಔಷಧಿ ಹೊಡೆಸಿದ್ದಾಯಿತು.

ಮೊನ್ನೆ ನಿನ್ನ ಅಮ್ಮ ಫೋನು ಮಾಡಿ ಮುಕ್ಕಾಲು ಗಂಟೆ ಮಾತನಾಡಿದಳು. ಮಾತೆಲ್ಲವೂ ನಿನ್ನದೇ. ಪಿಯುಸಿ ಪುಸ್ತಕದ ನಡುವೆ ಬೇರೆ ಪುಸ್ತಕವಿಟ್ಟುಕೊಂಡು ಓದುತ್ತೀಯಂತೆ, ಗೋಡೆಗೆ ತಲೆಬುರುಡೆಯ ಚಿತ್ರ ಅಂಟಿಸಿದ್ದೀಯಂತೆ, ರಾತ್ರಿ ಎರಡು ಗಂಟೆಯವರೆಗೆ ಹೊದಿಕೆಯೊಳಗೆ ಮೊಬೈಲು ಹಿಡಿದು ದೆವ್ವದ ಸಿನಿಮಾ ನೋಡುತ್ತೀಯಂತೆ. "ನೀನಾದರೂ ಅವನಿಗೆ ನಾಲ್ಕು ಬುದ್ಧಿಮಾತು ಹೇಳಣ್ಣ" ಎಂದಳು. ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಆದರೆ ಅವಳು ಬಯಸಿದ ಬುದ್ಧಿಯನ್ನೇ ಹೇಳುತ್ತೇನೆಂದು ಮಾತು ಕೊಡಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಭಯವನ್ನು ಸವಿಯುವುದು ಹುಚ್ಚೆನ್ನಲು ಬಾಯಿ ಬರುವುದಿಲ್ಲ. ಅಲ್ಲದೆ ತೊಂಬತ್ತರ ದಶಕದಲ್ಲಿ ಊರೂರಿನ ಬಾಗಿಲುಗಳ ಮೇಲೆ ದೆವ್ವಕ್ಕಾಗಿ 'ನಾಳೆ ಬಾ' ಎಂದು ಬರೆಯುತ್ತಿದ್ದ ದಿನಗಳಲ್ಲಿ, ನಮ್ಮ ಮನೆಯ ಬಾಗಿಲಿಗೆ ಸೀಮೆಸುಣ್ಣದಿಂದ ದುಂಡಗಿನ ಅಕ್ಷರದಲ್ಲಿ ಬರೆದವಳು ನಿನ್ನ ಅಮ್ಮನೇ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂಬ ವಿಷಯದಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಇದನ್ನು ನಾನು ತಿಳಿಸಿದೆನೆಂದು ಅವಳಿಗೆ ಹೇಳಬೇಡ.

ಭರತಮುನಿ ನಾಟ್ಯಶಾಸ್ತ್ರದಲ್ಲಿ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಇದೆ, ಬೀಭತ್ಸವೂ ಇದೆ. ಆದರೆ ಅವನು ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟ. ಭಯಾನಕದ ಸ್ಥಾಯಿಭಾವ, ಎಂದರೆ ಅದರ ಬುಡದಲ್ಲಿರುವ ಭಾವ, ಭಯ; ಬೀಭತ್ಸದ್ದು ಜುಗುಪ್ಸೆ. ನಿಮ್ಮ ಕಾಲದ ಪುಸ್ತಕದಂಗಡಿಯವರು ಮಾತ್ರ ಇವೆರಡನ್ನೂ ಹಾರರ್ ಎಂಬ ಒಂದೇ ಕಪಾಟಿಗೆ ತುಂಬುತ್ತಾರೆ. ಕರುಳು ಹೊರಗೆ ಬಿದ್ದದ್ದನ್ನು ಕಂಡು ಬಂದ ಓಕರಿಕೆಯನ್ನೂ, ಕತ್ತಲೆಯ ಕೋಣೆಯಲ್ಲಿ ಯಾರೋ ಉಸಿರಾಡಿದಂತಾಗಿ ಬೆನ್ನಹುರಿ ತಣ್ಣಗಾದದ್ದನ್ನೂ ಒಂದೇ ಎಂದು ಮಾರುತ್ತಾರೆ. 1960ರ 'ಸೈಕೋ' ಚಿತ್ರದ ಸ್ನಾನದ ಮನೆಯ ಕೊಲೆಯನ್ನು ನೀನು ನೋಡಿರಬಹುದು. ಅಲ್ಲಿ ಹರಿಯುವ ರಕ್ತ ಚಾಕೊಲೇಟ್ ಪಾಕ. ಕಪ್ಪುಬಿಳುಪು ಚಿತ್ರವಾದ್ದರಿಂದ ಅದು ರಕ್ತವೆಂದೇ ನಡೆಯಿತು. ಚೂರಿ ನಾಟುವ ಸದ್ದು ಕರ್ಬೂಜದ ಹಣ್ಣನ್ನು ಇರಿದದ್ದು. ನಿರ್ದೇಶಕ ಹಿಚ್‌ಕಾಕ್ ಆ ದೃಶ್ಯಕ್ಕೆ ಸಂಗೀತವೇ ಬೇಡವೆಂದುಕೊಂಡಿದ್ದನಂತೆ. ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಪಿಟೀಲುಗಳನ್ನು ಚೀರಿಸಿ ಕೇಳಿಸಿದ ಮೇಲೆ ಮನಸ್ಸು ಬದಲಿಸಿದ. ಒಂದು ನಿಮಿಷವೂ ಹಿಡಿಯದ ಆ ಇರಿತದಲ್ಲಿ ಗಾಯವನ್ನು ನೋಡಿದೆವೆಂದು ನಾವು ಆಣೆ ಮಾಡಿ ಹೇಳುತ್ತೇವಾದರೂ, ಅದರ ಬಹುಪಾಲು ನಮ್ಮ ತಲೆಯೊಳಗೇ ನಡೆದಿರುತ್ತದೆ. ಕಣ್ಣಿಗೆ ಎಲ್ಲವನ್ನೂ ಬಡಿಸಿಬಿಡುವ ಚಿತ್ರಗಳು ನಿನ್ನ ಕಲ್ಪನೆಗೆ ಕೆಲಸವನ್ನೇ ಉಳಿಸುವುದಿಲ್ಲ; ಅವು ಹೆದರಿಸಲಾರದೆ ಹೇಸಿಗೆ ಹುಟ್ಟಿಸುತ್ತವೆ, ಮತ್ತು ಹೇಸಿಗೆ ಬಹುಬೇಗ ಅಭ್ಯಾಸವಾಗಿಬಿಡುತ್ತದೆ. ಅಂಥವನ್ನು ನೋಡುತ್ತ ಊಟ ಮಾಡಬಲ್ಲೆನೆಂದು ಗೆಳೆಯರ ಮುಂದೆ ಹೇಳಿಕೊಳ್ಳುವ ಹುಡುಗ ಧೈರ್ಯವಂತನೆಂದು ನಾನು ಒಪ್ಪುವುದಿಲ್ಲ. ಅವನ ನಾಲಿಗೆ ಸುಟ್ಟುಹೋಗಿದೆ, ಅಷ್ಟೆ.

ಹಾಗೆಂದು ರಕ್ತವೇ ಇರಕೂಡದೆಂದಲ್ಲ. ರನ್ನನ 'ಗದಾಯುದ್ಧ'ದಲ್ಲಿ ಹೆಣಗಳ ರಾಶಿಯೇ ಇದೆ. ಸೋತ ದುರ್ಯೋಧನ ಸಂಜಯನೊಡನೆ ಕುರುಕ್ಷೇತ್ರದ ನೆತ್ತರ ಕೆಸರಿನಲ್ಲಿ ಎಡವುತ್ತ ನಡೆಯುತ್ತಾನೆ. ಹೆಣ ತಿನ್ನುವ ಮರುಳುಗಳು ಅವನನ್ನು ಕಂಡು ಹಾಸ್ಯ ಮಾಡುತ್ತವೆ. ಮರುಳು ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಈ ರಣರಂಗದಲ್ಲಿ ನಿಜವಾದ ಮರುಳು ಯಾರು ಎಂಬ ಪ್ರಶ್ನೆಯನ್ನು ನಮ್ಮ ಭಾಷೆ ತಾನಾಗಿಯೇ ಕೇಳಿಬಿಡುತ್ತದೆ. ಆ ಪಿಶಾಚಿಗಳ ನಡುವಿನಿಂದಲೇ ಕವಿ ಅವನನ್ನು ಮಗನ ಹೆಣದ ಮುಂದೆ, ತಮ್ಮನ ಹೆಣದ ಮುಂದೆ, ಕಡೆಗೆ ಕರ್ಣನ ಹೆಣದ ಮುಂದೆ ತಂದು ನಿಲ್ಲಿಸುತ್ತಾನೆ. ತರಗತಿಯಲ್ಲಿ ಮರುಳುಗಳ ಭಾಗಕ್ಕೆ ನಗುತ್ತಿದ್ದ ಹುಡುಗರು ಕರ್ಣನ ಹೊತ್ತಿಗೆ ಸುಮ್ಮನಾಗುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ದುರ್ಯೋಧನನಿಗಾಗಿ ಮರುಗುವಂತೆ ಮಾಡಬೇಕಾದರೆ ರನ್ನನಿಗೆ ಆ ಮರುಳುಗಳು ಬೇಕಾಗಿದ್ದವು.

ನಾನು ನಿನಗೆ ಹೇಳಬೇಕೆಂದಿರುವುದು ಇದೊಂದನ್ನೇ: ಯಾವ ಭಯದ ಕಥೆಯನ್ನು ಓದಿದರೂ, ಇದನ್ನು ಬರೆದವನಿಗೆ ದೆವ್ವದ ದುಃಖ ಗೊತ್ತಿದೆಯೇ ಎಂದು ನೋಡು.

ನಿನ್ನ ಗೋಡೆಯ ಮೇಲೆ ಫ್ರಾಂಕೆನ್‌ಸ್ಟೈನ್ ಚಿತ್ರವೂ ಇದೆಯೆಂದು ಕೇಳಿದೆ. ಮೊದಲನೆಯದಾಗಿ, ಅದು ಆ ಪ್ರಾಣಿಯ ಹೆಸರಲ್ಲ, ಮಾಡಿದವನ ಹೆಸರು. ಮಾಡಿದವನು ಅದಕ್ಕೊಂದು ಹೆಸರನ್ನೂ ಇಡದೆ ಓಡಿಹೋದ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಸರಿಯಾಗಿ ಬರಲಿಲ್ಲ. ಮಳೆಯ ದೆಸೆಯಿಂದ ಜಿನೀವಾ ಸರೋವರದ ದಡದ ಮನೆಯಲ್ಲಿ ಕೂತವರಿಗೆ ಕವಿ ಬೈರನ್ ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಿರಿ ಎಂದ. ಹದಿನೆಂಟು ವರ್ಷದ ಮೇರಿ, ಮುಂದೆ ಮೇರಿ ಶೆಲ್ಲಿ ಎನಿಸಿದವಳು, ಅಲ್ಲಿ ಆರಂಭಿಸಿದ 'ಫ್ರಾಂಕೆನ್‌ಸ್ಟೈನ್' ಕಥೆ 1818ರಲ್ಲಿ ಅವಳ ಹೆಸರೇ ಇಲ್ಲದೆ ಅಚ್ಚಾಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆ ಸರೋವರದ ದಡಕ್ಕೆ ಬರುವ ಹಿಂದಿನ ವರ್ಷ, 1815ರಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳ ಮೊದಲ ಮಗು ಕೆಲವೇ ದಿನಗಳಲ್ಲಿ ತೀರಿಕೊಂಡಿತ್ತು. ಮಗುವಿಗೆ ಬರೀ ಚಳಿಯಾಗಿತ್ತೆಂದೂ, ಬೆಂಕಿಯ ಮುಂದೆ ಹಿಡಿದು ಮೈ ಉಜ್ಜಿದಾಗ ಅದು ಬದುಕಿತೆಂದೂ ಕನಸು ಬಿತ್ತೆಂದು ಅವಳು ದಿನಚರಿಯಲ್ಲಿ ಬರೆದಿದ್ದಾಳೆ. ಹೆಣಕ್ಕೆ ಜೀವ ತುಂಬುವ ಕಥೆಯನ್ನು ಬರೆದ ಕೈ ಯಾವುದೆಂದು ಈಗ ಯೋಚಿಸು.

1931ರ ಸಿನಿಮಾದಲ್ಲಿ ಆ ಪ್ರಾಣಿ ಗುರುಗುಡುತ್ತದೆಯೇ ಹೊರತು ಮಾತನಾಡುವುದಿಲ್ಲ. ಪುಸ್ತಕದಲ್ಲಿ ಅದು ಮಾತನಾಡುತ್ತದೆ, ನಿನಗಿಂತಲೂ ನನಗಿಂತಲೂ ಚೆನ್ನಾಗಿ. ಒಂದು ಬಡ ಕುಟುಂಬದ ಮನೆಗೆ ತಗುಲಿದ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ನೋಡುತ್ತ, ಕೇಳುತ್ತ ಅದು ಮಾತು ಕಲಿಯುತ್ತದೆ; ರಾತ್ರಿ ಯಾರಿಗೂ ತಿಳಿಯದಂತೆ ಅವರಿಗೆ ಸೌದೆ ತಂದಿಡುತ್ತದೆ. ಒಂದು ದಿನ ಕುರುಡ ಮುದುಕನೊಬ್ಬನೇ ಇರುವ ಹೊತ್ತು ನೋಡಿ ಬಾಗಿಲು ತಟ್ಟುತ್ತದೆ. ಕಣ್ಣು ಕಾಣದ ಆತ ಅದನ್ನು ಮನುಷ್ಯನೆಂದೇ ತಿಳಿದು ಒಳಗೆ ಕರೆದು ಕೂರಿಸಿ ಸಮಾಧಾನ ಹೇಳುತ್ತಾನೆ. ಅಷ್ಟರಲ್ಲಿ ಕಣ್ಣಿರುವವರು ಮನೆಗೆ ಬರುತ್ತಾರೆ. ಮಗ ದೊಣ್ಣೆಯಿಂದ ಬಡಿಯುತ್ತಾನೆ. ಅವನನ್ನು ಸಿಗಿದುಹಾಕುವ ಶಕ್ತಿಯಿದ್ದರೂ ಆ ಪ್ರಾಣಿ ಕೈಯೆತ್ತದೆ ಹೊರಟುಹೋಗುತ್ತದೆ.

ಆ ಪುಟವನ್ನು ಮೊದಲ ಸಲ ಓದಿದಾಗ ನನಗೆ ಇಪ್ಪತ್ತಮೂರು ವರ್ಷ. ಓದಿ ಪುಸ್ತಕ ಮುಚ್ಚಿಟ್ಟೆ, ಏಕೆಂದರೆ ಹಿಂದಿನದೊಂದು ನೆನಪಿಗೆ ಬಂತು. ನಾನು ಏಳನೆಯ ತರಗತಿಯಲ್ಲಿದ್ದಾಗ ಊರಿನ ಒಬ್ಬ ಹೆಣ್ಣುಮಗಳು, ಹೆತ್ತ ಮಗು ತೀರಿಕೊಂಡ ಮೇಲೆ, ಮಾತು ಬಿಟ್ಟು, ಅನ್ನ ಬಿಟ್ಟು, ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದಳು. ಮೈಮೇಲೆ ಏನೋ ಬಂದಿದೆಯೆಂದು ಮನೆಯವರು ಯಾರನ್ನೋ ಕರೆಸಿದರು. ಅಂಗಳದಲ್ಲಿ ಕೂರಿಸಿ, ಮೆಣಸಿನಕಾಯಿಯ ಹೊಗೆ ಹಾಕಿ, "ಯಾರು ನೀನು, ಹೆಸರು ಹೇಳು" ಎಂದು ಹಸಿ ಬರಲಿನಿಂದ ಹೊಡೆಯತೊಡಗಿದರು. ಆಕೆ ಕೆಮ್ಮುತ್ತ ಕೆಮ್ಮುತ್ತ ಕಡೆಗೆ ಯಾವುದೋ ಒಂದು ಹೆಸರು ಹೇಳಿದಳು. ಜನ 'ಹೋ' ಎಂದರು. ಬೇಲಿಯ ಗೂಟ ಹಿಡಿದು ನಿಂತಿದ್ದ ನಾನು ಕಣ್ಣು ಮಿಟುಕಿಸದೆ ನೋಡಿದೆ, ಟೆಂಟಿನಲ್ಲಿ ಮುಂದಿನ ಸಾಲಿಗೆ ಕೂತವನಂತೆ. ಮುಗಿದಾಗ ಇಷ್ಟಕ್ಕೇ ಮುಗಿಯಿತೇ ಎಂದೂ ಅನ್ನಿಸಿತು. ಅವಳು ಅಳುತ್ತಿದ್ದುದು ನನಗೆ ಕಾಣಲೇ ಇಲ್ಲ. ಕಂಡದ್ದು ಹನ್ನೊಂದು ವರ್ಷದ ಮೇಲೆ, ಆ ಕೊಟ್ಟಿಗೆಯ ಪುಟದಲ್ಲಿ.

ಆದ್ದರಿಂದ ಪರದೆಯ ಮೇಲಿನ ದೆವ್ವಕ್ಕೆ ಹೆದರು, ಬೇಕಾದರೆ ಕಿರುಚು. 1979ರಲ್ಲಿ 'ನಾ ನಿನ್ನ ಬಿಡಲಾರೆ' ನೋಡಿದ ರಾತ್ರಿ ಅನಂತನಾಗ್ ಮೈಯೊಳಗಿನ ಹೆಣ್ಣುದೆವ್ವದ ನಗು ನನ್ನನ್ನು ಎರಡು ಮೈಲಿ ಅಟ್ಟಿಸಿಕೊಂಡು ಬಂದಿತ್ತು. ದಾರಿಯುದ್ದಕ್ಕೂ ರಾಯರನ್ನು ನೆನೆದೇ ಮನೆ ಸೇರಿದೆ, ಆ ಸುಖ ನನಗಿನ್ನೂ ನೆನಪಿದೆ. ಆದರೆ ಪರದೆಯ ಈಚೆ ಯಾರಾದರೂ ಹಾಗೆ ವರ್ತಿಸಿದರೆ ಅವರನ್ನು ನೋಡುತ್ತ ನಿಲ್ಲಬೇಡ, ಮೊಬೈಲು ಎತ್ತಬೇಡ. ಮನೋವೈದ್ಯರ ಬಳಿಗೆ ಕರೆದೊಯ್ಯುವಂತೆ ಹೇಳು. 2004ರ 'ಆಪ್ತಮಿತ್ರ'ದಲ್ಲಿ ನಾಗವಲ್ಲಿಯನ್ನು ಕಂಡು ಊರಿಗೆ ಊರೇ ಬೆಚ್ಚಿತು; ಅವಳೊಳಗಿದ್ದ ಗಂಗಾ ರೋಗಿಯೆಂದು ಆ ಚಿತ್ರದ ವೈದ್ಯ ಹೇಳುವ ಮಾತನ್ನು ಮಾತ್ರ ಮನೆಗೆ ಒಯ್ದವರು ಕಡಿಮೆ.

ಇನ್ನು ನಿನ್ನ ಅಮ್ಮನ ದೂರಿನಲ್ಲಿ ನ್ಯಾಯವಾದದ್ದನ್ನೂ ಹೇಳುತ್ತೇನೆ. ಹೊದಿಕೆಯೊಳಗೆ ಅಂಗೈಯಗಲದ ಪರದೆಯಲ್ಲಿ ಸಿನಿಮಾ ನೋಡುವುದು ಸಿನಿಮಾಕ್ಕೂ ಅವಮಾನ, ಕಣ್ಣಿಗೂ ಆಯಾಸ. ಭಾನುವಾರ ಹಾಲ್‌ನ ಟಿವಿಯಲ್ಲಿ ದೀಪ ಆರಿಸಿಕೊಂಡು ನೋಡು. ಅಮ್ಮನನ್ನೂ ಕರೆ, ಬರುತ್ತಾಳೆ, ನನಗೆ ಗೊತ್ತು. ತಂಗಿಯನ್ನು ಮಾತ್ರ ಬಲವಂತದಿಂದ ಕೂರಿಸಬೇಡ. ಭಯ ಸವಿಯಾಗುವುದು ಎದ್ದುಹೋಗುವ ಬಾಗಿಲು ತೆರೆದಿರುವವರೆಗೆ ಮಾತ್ರ. ಎಂಟು ವರ್ಷದ ಮಗುವಿಗೆ ಆ ಬಾಗಿಲು ಕಾಣುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಹನ್ನೊಂದು ಗಂಟೆಗೆ ದೀಪ ಆರಿಸುವೆಯೆಂದು ನಿನ್ನ ಪರವಾಗಿ ನಾನೇ ಅವಳಿಗೆ ಹೇಳಿಬಿಟ್ಟಿದ್ದೇನೆ. ತಲೆಬುರುಡೆಯ ಚಿತ್ರವನ್ನು ದೇವರ ಕೋಣೆಯ ಕಡೆಯ ಗೋಡೆಯಿಂದ ತೆಗೆದು ಎದುರು ಗೋಡೆಗೆ ಅಂಟಿಸಿದರೆ ಅವಳ ಅರ್ಧ ಸಿಟ್ಟು ಇಳಿಯುತ್ತದೆ.

ಶನಿವಾರದ ಬಸ್ಸಿಗೆ ಬರುವ ನಿನ್ನ ಅತ್ತೆಯ ಕೈಯಲ್ಲಿ 'ಫ್ರಾಂಕೆನ್‌ಸ್ಟೈನ್' ಪುಸ್ತಕದ ನನ್ನ ಪ್ರತಿಯನ್ನೇ ಕಳಿಸುತ್ತಿದ್ದೇನೆ. ಬೈಂಡು ಸಡಿಲಾಗಿದೆ, ಮಗುಚಿ ಇಡಬೇಡ. ಇಂಗ್ಲಿಷು ಹಳೆಯ ಕಾಲದ್ದು, ಮೊದಮೊದಲು ತಿಣುಕಿಸುತ್ತದೆ. ಹಾಗೆಂದು ಆರಂಭದ ಪತ್ರಗಳನ್ನು ಹಾರಿಸಬೇಡ. ಕುರುಡ ಮುದುಕನ ಅಧ್ಯಾಯದಲ್ಲಿ ಪೆನ್ಸಿಲಿನ ಗೆರೆಯೊಂದಿದೆ, 1983ರಲ್ಲಿ ಎಳೆದದ್ದು. ಅಲ್ಲಿಗೆ ಬಂದಾಗ ನನಗೊಂದು ಕಾಗದ ಬರೆ, ಫೋನು ಬೇಡ.

ಇಂತಿ ನಿನ್ನ ಪ್ರೀತಿಯ ಸೋದರಮಾವ