ಗ್ರೀಸ್ ಬಳಿದರೆ ಹಗ್ಗ ಹೊಸದಾಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕೆಜಿಎಫ್‌ನ ಚಿನ್ನದ ಗಣಿಗೆ 2001ರ ಫೆಬ್ರವರಿಯಲ್ಲಿ ಬೀಗ ಬೀಳುವವರೆಗೂ ನಾನು ಅಲ್ಲಿ ಕೇಜಿನ, ಅಂದರೆ ಜನರನ್ನು ಗಣಿಯೊಳಗೆ ಇಳಿಸಿ ಹತ್ತಿಸುವ ಲಿಫ್ಟಿನ, ಉಕ್ಕಿನ ಹಗ್ಗ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಈಗ ಮುಂಬೈ ಹತ್ತಿರ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಪಕ್ಕದಲ್ಲೇ ಒಂದು ಕಟ್ಟಡ ಏಳುತ್ತಿದೆ. ಸಿಮೆಂಟು ಎತ್ತುವ ಹಾಯ್ಸ್ಟ್‌ನಲ್ಲೇ ಕೆಲಸದವರೂ ಹತ್ತಿ ಹೋಗುತ್ತಾರೆ. ಜಾಸ್ತಿ ಜನ ಕಲಬುರಗಿ, ಯಾದಗಿರಿ ಕಡೆಯ ಹುಡುಗರು. ಮೊನ್ನೆ ಮಾತಾಡಿಸಲು ಹೋದವನು ಆ ಹಗ್ಗ ನೋಡಿ ಅಲ್ಲೇ ನಿಂತುಬಿಟ್ಟೆ. ಮೇಲೆ ಕಪ್ಪಗೆ ಹೊಸ ಗ್ರೀಸು. ಎಳೆಗಳ ಸಂದಿಯಿಂದ ಇಟ್ಟಿಗೆ ಪುಡಿಯಂಥ ಕೆಂಪು ಪುಡಿ ಇಣುಕುತ್ತಿತ್ತು.

ಆ ಪುಡಿ ಕಂಡರೆ ಹಗ್ಗ ಒಳಗಿನಿಂದ ತಿಂದುಹೋಗುತ್ತಿದೆ ಎಂದೇ ಲೆಕ್ಕ. ಹಗ್ಗದಲ್ಲಿ ನೂರಕ್ಕೂ ಹೆಚ್ಚು ತಂತಿಗಳಿರುತ್ತವೆ. ಸಾಮಾನ್ಯವಾಗಿ ನಡುವೆ ಎಣ್ಣೆ ಕುಡಿದ ನಾರಿನ ತಿರುಳು. ಅದು ಒಣಗಿದರೆ ತಂತಿಗೆ ತಂತಿ ಉಜ್ಜುತ್ತದೆ, ನೀರು ಸೇರಿ ತುಕ್ಕು ಹಿಡಿಯುತ್ತದೆ. ರಾಟೆಯ ಮೇಲೆ ಬಗ್ಗಿ ನೆಟ್ಟಗಾಗಿ ತಂತಿ ಸೋಲುತ್ತದೆ. ಕೈಯಲ್ಲಿ ಒಂದು ತಂತಿಯನ್ನು ಮತ್ತೆ ಮತ್ತೆ ಮಡಚಿದರೆ ಮುರಿಯುತ್ತದೆ ಅಲ್ವಾ, ಹಾಗೇ. ರಾಟೆ ಚಿಕ್ಕದಾದಷ್ಟೂ ಬೇಗ. ಅದಕ್ಕೇ ಗಣಿಯ ರಾಟೆಯ ವ್ಯಾಸ ಹಗ್ಗದ ದಪ್ಪದ 80–100 ಪಟ್ಟು ಇರುತ್ತದೆ. ಇನ್ನು ಸಡಿಲಬಿದ್ದ ಹಗ್ಗ ದಿಢೀರನೆ ಬಿಗಿಯಾದಾಗ ಬೀಳುವ ಏಟು ಬಹಳ ಕೆಟ್ಟದ್ದು.

ಗಣಿಯಲ್ಲಿ ನಾವು ಹಗ್ಗವನ್ನು ನಿಧಾನವಾಗಿ ಓಡಿಸಿ, ಬನಿಯನ್ ವೇಸ್ಟ್ (ಬನಿಯನ್ ಬಟ್ಟೆಯ ಚಿಂದಿ) ಅದಕ್ಕೆ ಒತ್ತಿ ಹಿಡಿದು ನಿಲ್ಲುತ್ತಿದ್ದೆವು. ಮುರಿದ ತಂತಿಗೆ ನೂಲು ಸಿಕ್ಕಿಕೊಳ್ಳುತ್ತಿತ್ತು. ತಕ್ಷಣ ನಿಲ್ಲಿಸಿ ಸೀಮೆಸುಣ್ಣದ ಗುರುತು ಹಾಕಿ, ದಪ್ಪ ಅಳೆದು, ಪುಸ್ತಕದಲ್ಲಿ ಬರೆಯಬೇಕು. ಆರು ತಿಂಗಳಿಗೊಮ್ಮೆ ಕೇಜಿನ ಕಡೆಯ ತುದಿ ಕತ್ತರಿಸಿ, ತುಂಡು ಬಿಚ್ಚಿ ಒಳಗಿನ ತಂತಿ ನೋಡುತ್ತಿದ್ದೆವು. ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಒಳಗಿನದು ಬಿಚ್ಚಿದಾಗಲೇ ಗೊತ್ತಾಗುವುದು.

ಗಣಿಗಳಲ್ಲಿ ಇಷ್ಟು ಕಟ್ಟುನಿಟ್ಟು ಇದ್ದೂ 2024ರ ಮೇ 14ರಂದು ರಾಜಸ್ಥಾನದ ಕೋಲಿಹಾನ್ ತಾಮ್ರದ ಗಣಿಯಲ್ಲಿ ಲಿಫ್ಟ್ ಕುಸಿಯಿತು. ಹಗ್ಗ ತುಂಡಾಯಿತು ಎಂದು ಪತ್ರಿಕೆಗಳಲ್ಲಿ ಓದಿದೆ. ಒಳಗೆ 15 ಜನ ಸಿಕ್ಕಿಬಿದ್ದಿದ್ದರು. ಒಬ್ಬರು ಉಳಿಯಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಟ್ಟಡದ ಸೂಪರ್‌ವೈಸರ್‌ಗೆ ಹೇಳಿದೆ. "ಕಾಕಾ, ಹೋದ ವಾರವಷ್ಟೇ ಗ್ರೀಸ್ ಹಾಕಿಸಿದ್ದೇವೆ" ಎಂದರು. ಮೇಲೆ ಬಳಿದ ಗ್ರೀಸು ಒಣಗಿದ ತಿರುಳಿನವರೆಗೆ ಇಳಿಯುವುದಿಲ್ಲ. ಮುರಿದ ತಂತಿಯನ್ನು ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ, ಅಷ್ಟೇ. ಹುಡುಗರಿಗೆ ಮೆಟ್ಟಿಲಲ್ಲೇ ಹೋಗಿ ಎಂದೆ. "ಹೊತ್ತಾಗ್ತದಂತ ಬೈತಾರ್ರೀ ಕಾಕಾ" ಎಂದ ಒಬ್ಬ.

ಸಾಮಾನಿನ ಹಾಯ್ಸ್ಟ್‌ನಲ್ಲಿ ಜನರನ್ನು ಹತ್ತಿಸುವುದನ್ನು ಗುತ್ತಿಗೆದಾರರು ಇವತ್ತೇ ನಿಲ್ಲಿಸಬೇಕು. ತಪಾಸಣೆಗೆ ಬರುವ ಅಧಿಕಾರಿಗಳು ಕಾಗದ ನೋಡಿ ಸಹಿ ಹಾಕದೆ, ಗ್ರೀಸು ಒರೆಸಿ ಹಗ್ಗ ನೋಡಬೇಕು. ನಮ್ಮ ಕಡೆ ಸಮುದ್ರದ ಉಪ್ಪುಗಾಳಿ ಬೇರೆ. ಮಳೆ ಹಿಡಿಯುವ ಮೊದಲು ಆ ಹಗ್ಗ ಕೆಳಗಿಳಿಯಬೇಕು.

— ನಿವೃತ್ತ ಗಣಿ ಕಾರ್ಮಿಕ, ಡೊಂಬಿವಲಿ