ನಾಯಿಗೂ ಪೇಟೆಂಟಿಗೂ ನಡುವೆ 14 ವರ್ಷ ಇತ್ತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ವೆಲ್ಕ್ರೋ (ಒಂದು ಕಡೆ ಒರಟು ಕೊಕ್ಕೆ, ಇನ್ನೊಂದು ಕಡೆ ಮೆತ್ತನೆ ಕುಣಿಕೆ ಇರುವ, ಒತ್ತಿದರೆ ಅಂಟುವ ಪಟ್ಟಿ) ಹುಟ್ಟಿದ ಕತೆ ಬಂದಿತ್ತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ನಾಯಿ ಕರೆದುಕೊಂಡು ಬೇಟೆಗೆ ಹೋದ, ನಾಯಿಯ ಮೈಗೆ ಬರ್ಡಾಕ್ ಗಿಡದ ಮುಳ್ಳುಕಾಯಿ ಅಂಟಿತು, ಮನೆಗೆ ಬಂದು ಮೈಕ್ರೋಸ್ಕೋಪಿನಲ್ಲಿ ನೋಡಿದ, ವೆಲ್ಕ್ರೋ ಕಂಡುಹಿಡಿದ. ನಾಲ್ಕು ಸಾಲಿಗೆ ಮುಗಿಯಿತು. ಸುಳ್ಳೇನಲ್ಲ. ಆದರೆ ಆತ ನಾಯಿ ಜೊತೆ ಹೋಗಿದ್ದು 1941ರಲ್ಲಿ, ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. ನಡುವಿನ 14 ವರ್ಷವನ್ನು ಯಾಕೆ ನುಂಗಿಬಿಟ್ಟಿರಿ ಅಂತ ಕೇಳೋಣ ಅನ್ನಿಸಿತು.

ನನಗೆ ಯಾಕೆ ಇದರ ಉಸಾಬರಿ ಅಂದರೆ, ನನ್ನದು ಬ್ಯಾಗ್ ಹೊಲಿಯುವ, ರಿಪೇರಿ ಮಾಡುವ ಅಂಗಡಿ. ಈ ಪಟ್ಟಿ ದಿನಾ ಕೈಯಲ್ಲೇ ಇರುತ್ತದೆ. ಜೂನ್ ಬಂತೆಂದರೆ "ಅಣ್ಣಾ, ಇದು ಹಿಡೀತಾ ಇಲ್ಲ, ಬೇರೆ ಹಾಕ್ಕೊಡಿ" ಅಂತ ತರುವ ಶಾಲೆ ಬ್ಯಾಗುಗಳೇ ಜಾಸ್ತಿ. ಎಷ್ಟೋ ಸಲ ಪಟ್ಟಿಗೆ ಏನೂ ಆಗಿರುವುದಿಲ್ಲ, ಒರಟು ಕಡೆಯ ಕೊಕ್ಕೆಗಳಲ್ಲಿ ಕೂದಲು, ದಾರದ ಎಳೆ, ಧೂಳು ತುಂಬಿಕೊಂಡಿರುತ್ತದೆ ಅಷ್ಟೇ. ಸೂಜಿ ತುದಿಯಿಂದ ಎಳೆದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಮತ್ತೆ ಗಟ್ಟಿಯಾಗಿ ಹಿಡಿಯುತ್ತದೆ, ಇದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ. ಆ ಒರಟು ಪಟ್ಟಿಯನ್ನು ಬಾಗಿಸಿ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿ. ಒಂದೊಂದು ಎಳೆಯೂ ಮೇಲೆದ್ದು, ಬಾಗಿ, ಇನ್ನೇನು ಕೆಳಗೆ ಬಂದು ಸೇರಬೇಕು ಅನ್ನುವಷ್ಟರಲ್ಲಿ ಕತ್ತರಿಸಿ ಹೋಗಿರುತ್ತದೆ, ಅದರ ಪಕ್ಕದಲ್ಲೇ ಒಂದು ಮೋಟು ನಿಂತಿರುತ್ತದೆ. ಅಂದರೆ ಮೊದಲು ಅದೂ ಕುಣಿಕೆಯೇ, ಆಮೇಲೆ ಒಂದು ಬದಿಗೆ ಕತ್ತರಿ ಹಾಕಿದ್ದಾರೆ. ಮೆಸ್ಟ್ರಾಲ್ ತಲೆ ಕೆಡಿಸಿಕೊಂಡಿದ್ದು ಇಲ್ಲಿ.

ಆತ ಮೊದಲು ಹೋಗಿದ್ದು ಫ್ರಾನ್ಸಿನ ಲಿಯಾನ್‌ಗೆ, ಅದು ನೇಕಾರಿಕೆಗೆ ಹೆಸರಾದ ಊರು. ಹೆಚ್ಚಿನವರು ಇವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಬ್ಬ ನೇಕಾರ ಸಣ್ಣ ಮಗ್ಗದಲ್ಲಿ ಹತ್ತಿಯ ಪಟ್ಟಿ ನೇಯ್ದು ಕೊಟ್ಟ, ಹಿಡಿಯಿತು ಕೂಡ, ಆದರೆ ಹತ್ತಿ ಬೇಗ ಸವೆದುಹೋಗುತ್ತಿತ್ತು. ಆಮೇಲೆ ನೈಲಾನ್. ಕಾಯಿಸಿ ಆಕಾರ ಕೊಟ್ಟರೆ ನೈಲಾನ್ ಆ ಆಕಾರ ಬಿಡುವುದಿಲ್ಲ, ಕೊಕ್ಕೆಗೆ ಬೇಕಾದ ಬಿಗಿ ಸಿಕ್ಕಿತು. ಆದರೂ ಸಾವಿರಾರು ಕುಣಿಕೆಗಳನ್ನು ಯಂತ್ರದಲ್ಲಿ, ಸರಿಯಾದ ಜಾಗದಲ್ಲಿ, ಒಂದೇ ಸಮ ಕತ್ತರಿಸಬೇಕಲ್ವಾ? ಸ್ವಲ್ಪ ಮೇಲೆ ಕೆಳಗೆ ಆದರೆ ಕೊಕ್ಕೆಯೇ ಇರುವುದಿಲ್ಲ. ವರ್ಷಗಳು ಹಿಡಿದದ್ದು ಇಂಥ ಕೆಲಸಕ್ಕೆ, ನಾಯಿಯ ಮೈ ನೋಡಿದ್ದು ಒಂದು ದಿನದ ಮಾತು. (ಇದನ್ನು ನಾಸಾದವರು ಕಂಡುಹಿಡಿದರು ಅನ್ನುವವರೂ ಸಿಗುತ್ತಾರೆ. ಅಪೋಲೊ ಯಾತ್ರಿಗಳು ಸಾಮಾನು ತೇಲಿ ಹೋಗದಿರಲಿ ಅಂತ ಬಳಸಿದರು, ಹೆಸರು ಬಂತು, ಅಷ್ಟೇ.)

ಇನ್ನೊಂದು ವಿಷಯ. ನಿಮ್ಮ ಬರಹ ಓದಿದ ನಮ್ಮ ಮಕ್ಕಳಿಗೆ ಥಟ್ ಅಂತ ನೆನಪಾಗುವುದು ಉತ್ತರಾಣಿ. ಬೇಲಿ ಪಕ್ಕ ಹೋದರೆ ಪಂಚೆಗೆ, ಸೀರೆಗೆ ಮೆತ್ತಿಕೊಳ್ಳುತ್ತದೆ. ಆದರೆ ಅದರದ್ದು ಬೇರೆ ಲೆಕ್ಕ. ಅದರಲ್ಲಿ ಬರ್ಡಾಕ್ ಕಾಯಿಯ ಹಾಗೆ ಬಾಗಿದ ಕೊಕ್ಕೆ ಇಲ್ಲ, ಚೂಪು ಮುಳ್ಳು ಬಟ್ಟೆಗೆ ಚುಚ್ಚಿಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಮಿಂಚುಳ್ಳಿಯ ಕೊಕ್ಕು ನೋಡಿ ಜಪಾನಿನ ಬುಲೆಟ್ ರೈಲಿನ ಮೂತಿ ಮಾಡಿದರು ಅನ್ನುವ ಕತೆಯನ್ನೂ ಎಲ್ಲರೂ ಹೀಗೇ ಮೊಟಕು ಮಾಡುತ್ತಾರೆ. ರೈಲು ಜೋರಾಗಿ ಸುರಂಗಕ್ಕೆ ನುಗ್ಗಿದರೆ ಒಳಗಿನ ಗಾಳಿ ಒತ್ತಿಕೊಂಡು ಹೋಗಿ ಆ ಕಡೆಯ ಬಾಯಲ್ಲಿ ಢಂ ಅಂತ ಸದ್ದು ಬರುತ್ತಿತ್ತು, ಅಕ್ಕಪಕ್ಕದ ಜನಕ್ಕೆ ಕಾಟ. ಎಂಜಿನಿಯರ್ ಐಜಿ ನಕಾತ್ಸು ಅವರಿಗೆ ಹಕ್ಕಿ ನೋಡುವ ಹುಚ್ಚು. ಮಿಂಚುಳ್ಳಿ ಧುಮುಕಿದಾಗ ನೀರು ಅಷ್ಟಾಗಿ ಚಿಮ್ಮುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಹಾಗಂತ ಕೊಕ್ಕು ನೋಡಿ ಸುಮ್ನೆ ಮೂತಿ ಮಾಡಿಬಿಡಲಿಲ್ಲ. ಬೇರೆ ಬೇರೆ ಆಕಾರದ ಗುಂಡುಗಳನ್ನು ಕೊಳವೆಯೊಳಗೆ ಹಾರಿಸಿ ಒತ್ತಡ ಅಳೆದರು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು, ಕೊನೆಗೆ ನಿಂತ ಆಕಾರ ಮಿಂಚುಳ್ಳಿಯ ಕೊಕ್ಕಿಗೆ ಹತ್ತಿರವಾಗಿತ್ತು. 1997ರಲ್ಲಿ ಓಡಿದ ಆ 500 ಸರಣಿಯ ರೈಲಿನ ಮೂತಿಯೇ 15 ಮೀಟರ್ ಉದ್ದ, ವೇಗ ಗಂಟೆಗೆ 300 ಕಿ.ಮೀ. ಮೇಲಿನ ವಿದ್ಯುತ್ ತಂತಿಗೆ ತಾಗುವ ಭಾಗದ ಸದ್ದು ಇಳಿಸಲು ಗೂಬೆಯ ಗರಿಯನ್ನೂ ನೋಡಿ ಕಲಿತರು.

ಕೆಸುವಿನ ಎಲೆ ಮೇಲೆ ನೀರು ನಿಲ್ಲದೆ ಉರುಳುವುದು ಪತ್ರೊಡೆ ಮಾಡುವ ಮನೆಯವರಿಗೆಲ್ಲ ಗೊತ್ತು. ತಾವರೆ ಎಲೆಯದ್ದೂ ಅದೇ ಗುಣ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ 1970ರ ದಶಕದಲ್ಲಿ ಎಲೆಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಇಡುವಾಗ ಒಂದು ವಿಚಿತ್ರ ಗಮನಿಸಿದರು. ನುಣುಪು ಎಲೆಗಳನ್ನು ಮೊದಲು ತೊಳೆಯಬೇಕಿತ್ತು, ಸಣ್ಣ ಸಣ್ಣ ಉಬ್ಬುಗಳಿರುವ ಎಲೆಗಳು ತೊಳೆಯದೆಯೂ ಶುಭ್ರವಾಗಿದ್ದವು. ಮೇಣದ ಆ ಉಬ್ಬುಗಳ ತುದಿಯಲ್ಲಷ್ಟೇ ನೀರು ಕೂತು, ಉರುಳುವಾಗ ಕೊಳೆಯನ್ನೂ ಎತ್ತಿಕೊಂಡು ಹೋಗುತ್ತದೆ. ಅದೇ ಉಪಾಯದ ಗೋಡೆ ಬಣ್ಣ ಅಂಗಡಿಗೆ ಬಂದಿದ್ದು 1999ರಲ್ಲಿ. ಇಲ್ಲೂ ಇಪ್ಪತ್ತು ವರ್ಷದ ಮೇಲಾಯಿತು, ನೋಡಿ.

ಅದಕ್ಕೇ ಕೇಳುತ್ತಿದ್ದೇನೆ, ಮುಂದಿನ ಸಲ ಇಂಥ ಬರಹ ಹಾಕುವಾಗ ಹತ್ತಿ ಯಾಕೆ ಸೋತಿತು, ಕುಣಿಕೆ ಎಲ್ಲಿ ಕತ್ತರಿಸಿದರು ಅನ್ನುವುದನ್ನೂ ಬರೆಸಿ. ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡಿ. ಅಂಗಡಿಗೆ ಬರುವ ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟರೆ ಅಪ್ಪ ಅಮ್ಮ ಹೊರಟರೂ ಅವು ಹೊರಡುವುದಿಲ್ಲ. ಹೊಲಿದು ಉಳಿದ ವೆಲ್ಕ್ರೋ ತುಂಡುಗಳು ನನ್ನ ಹತ್ತಿರ ಒಂದು ಚೀಲ ಇವೆ. ನಮ್ಮೂರಿನ ಯಾವ ಶಾಲೆಯ ಮೇಷ್ಟ್ರು ಬಂದು ಕೇಳಿದರೂ ಕೊಡುತ್ತೇನೆ.

ಇಂತಿ,
ಒಬ್ಬ ಬ್ಯಾಗ್ ಟೈಲರ್, ಅರಸೀಕೆರೆ