ಕಪಾಟಿಗಾಗಿ ಸ್ಕರ್ಟಿಂಗ್ ಕೀಳಬೇಕಿಲ್ಲ

ಮಾನ್ಯ ಸಂಪಾದಕರೇ,

ಗೋಡೆ ಒಳಸರಿದ ಗೂಡುಗಳಲ್ಲಿ ಕಪಾಟು ಕೂರಿಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಉಪಯುಕ್ತವಾಗಿತ್ತು. ಆದರೆ ‘ಮೊದಲು ಸ್ಕರ್ಟಿಂಗ್ (ಗೋಡೆಯ ಬುಡದಲ್ಲಿ ನೆಲಕ್ಕೆ ತಾಗಿ ಓಡುವ ಪಟ್ಟಿ) ಕಿತ್ತುಹಾಕಿ’ ಎಂಬ ಸಲಹೆಗೆ ನಮ್ಮ ತಕರಾರಿದೆ. ಕೀಳುವಾಗ ಪಟ್ಟಿಯ ಜೊತೆ ಗೋಡೆಯ ಗಾರೆಯೂ ಉದುರುತ್ತದೆ. ಕಲ್ಲಿನದೋ ಟೈಲ್ಸಿನದೋ ಆದರೆ ಇಡಿಯಾಗಿ ಬರುವುದೇ ಅಪರೂಪ. ಮುಂದೊಮ್ಮೆ ಕಪಾಟು ತೆಗೆದರೆ ಹಳೆಯದಕ್ಕೆ ಹೊಂದುವ ಪಟ್ಟಿ ಹುಡುಕಿ ಸುಸ್ತಾಗಬೇಕು.

ಕಪಾಟನ್ನೇ ಸ್ಕರ್ಟಿಂಗ್‌ಗಿಂತ ಮೇಲೆತ್ತಿಬಿಡುವುದು ಸುಲಭದ ದಾರಿ. ಸ್ಕರ್ಟಿಂಗ್ 100 ಮಿ.ಮೀ. ಎತ್ತರವಿದ್ದರೆ 105 ಮಿ.ಮೀ. ಪೀಠ ಮಾಡಿ, ಮೂರೂ ಬದಿಯ ಸ್ಕರ್ಟಿಂಗ್‌ಗಳ ನಡುವೆ ಕೂರಿಸಿ, ಅಡಿಗೆ ಬೆಣೆ ಕೊಟ್ಟು ರಸಮಟ್ಟ ಇಟ್ಟು ನೋಡಿ. ಅದರ ಮೇಲಿನ ಪೆಟ್ಟಿಗೆ ಸ್ಕರ್ಟಿಂಗ್‌ನ ತಲೆ ದಾಟಿ ಹಿಂಗೋಡೆಯವರೆಗೂ ಹೋಗುತ್ತದೆ. ಪೀಠದ ಮುಂಭಾಗಕ್ಕೆ ಅದೇ ನಮೂನೆಯ ಸ್ಕರ್ಟಿಂಗ್ ತುಂಡು ಅಂಟಿಸಿದರೆ ಕಪಾಟು ಆಮೇಲೆ ಬಂದದ್ದೆಂದು ಗೊತ್ತೇ ಆಗದು.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ನೆಲದ ಬಳಿ ಟೇಪ್ ಹಿಡಿದರೆ ಸಿಗುವುದು ಸ್ಕರ್ಟಿಂಗ್‌ನಿಂದ ಸ್ಕರ್ಟಿಂಗ್‌ಗೆ ಇರುವ ಅಗಲ. ಆ ಲೆಕ್ಕದಲ್ಲೇ ಎಲ್ಲವನ್ನೂ ಕೊಯ್ದರೆ, 15 ಮಿ.ಮೀ. ದಪ್ಪದ ಸ್ಕರ್ಟಿಂಗ್ ಇರುವಲ್ಲಿ ಮೇಲೆ ಎರಡೂ ಕಡೆ ಅಷ್ಟೇ ಅಗಲದ ಸಂದು ಬಾಯಿಬಿಡುತ್ತದೆ. ಸ್ಕರ್ಟಿಂಗ್‌ಗಿಂತ ತುಸು ಮೇಲೆ, ನಡು ಎತ್ತರದಲ್ಲಿ, ಕಪಾಟಿನ ತಲೆಯ ಎತ್ತರದಲ್ಲಿ ಅಳೆಯಿರಿ. ಪ್ರತಿ ಎತ್ತರದಲ್ಲೂ ಹಿಂದೆ ಮುಂದೆ ಎರಡು ಸಲ. ಆರರಲ್ಲಿ ಅತಿ ಕಿರಿದಾದ ಅಳತೆಗಿಂತ 40 ಮಿ.ಮೀ. ಕಡಿಮೆ ಅಗಲಕ್ಕೆ ಪೆಟ್ಟಿಗೆ ಕಟ್ಟಿ ನಡುವೆ ನಿಲ್ಲಿಸಿದರೆ ಇಕ್ಕೆಲಗಳಲ್ಲಿ ಸುಮಾರು 20 ಮಿ.ಮೀ. ಉಳಿಯುತ್ತದೆ. ಅದನ್ನು ಮುಂದಿನಿಂದ 45 ಮಿ.ಮೀ. ಅಗಲದ ಪಟ್ಟಿ ಮುಚ್ಚುತ್ತದೆ. ಗೋಡೆ ಬಹಳ ಓರೆಯಿದ್ದರೆ ಪಟ್ಟಿ ಇನ್ನೂ ಅಗಲವಿರಲಿ.

ಕೆಲಸದ ಅಂದ ನಿಂತಿರುವುದು ಈ ಪಟ್ಟಿಯಲ್ಲಿ. ತೂಗುಗುಂಡು ಹಿಡಿದು ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ. ಸಂದು ಅತಿ ದೊಡ್ಡದಿರುವ ಕಡೆಗೆ ಕೈವಾರ ಅಗಲಿಸಿ, ಹಾಗೇ ಗೋಡೆಯುದ್ದಕ್ಕೂ ಎಳೆದರೆ ಗೋಡೆಯ ಡೊಂಕೆಲ್ಲ ಪೆನ್ಸಿಲ್ ಗೆರೆಯಾಗಿ ಪಟ್ಟಿಗೆ ಇಳಿಯುತ್ತದೆ. ಗೆರೆಯಿಂದ 2 ಮಿ.ಮೀ. ಬಿಟ್ಟು ಜಿಗ್‌ಸಾದಿಂದ ಕೊಯ್ದು, ಉಳಿದದ್ದನ್ನು ಕೀಸುಳಿಯಿಂದ ಹೆರೆಯಿರಿ. ಹೆರೆಯುವಾಗ ಹಿಂಬದಿ ತುಸು ಹೆಚ್ಚೇ ಹೋಗಲಿ. ಗೋಡೆಗೆ ಮುಂದಿನ ಅಂಚು ಮಾತ್ರ ತಾಗಿದರೆ ಸಾಕು. ಪಟ್ಟಿ ನೆಲದವರೆಗೆ ಇಳಿಯುವುದಾದರೆ ಕೆಳಮೂಲೆಯಲ್ಲಿ ಸ್ಕರ್ಟಿಂಗ್‌ನ ಆಕಾರ ಕಚ್ಚು ಹಾಕಬೇಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ. ಕೆಟ್ಟರೆ ರಟ್ಟು ಕೆಡಲಿ.

ಪೀಠ ಬೇಡ, ಬದಿಹಲಗೆಯೇ ನೆಲಕ್ಕಿಳಿಯಲಿ ಎನ್ನುವವರು ಹಿಂಗೋಡೆಯ ಸ್ಕರ್ಟಿಂಗ್‌ಗೆ ಹಲಗೆಯ ಹಿಂದಿನ ಅಂಚಿನಲ್ಲಿ ಕಚ್ಚು ಕೊಯ್ಯಬಹುದು. ಪಕ್ಕದ ಗೋಡೆಯ ಸ್ಕರ್ಟಿಂಗ್‌ಗೆ ಆ ಉಪಾಯ ನಡೆಯದು: 18 ಮಿ.ಮೀ. ಹಲಗೆಯ ಮೈಯಿಂದ 15 ತೆಗೆದರೆ ಬುಡದಲ್ಲಿ ಉಳಿಯುವುದು ಮೂರೇ. ಅಲ್ಲಿ ಹಲಗೆಯನ್ನು ಸ್ಕರ್ಟಿಂಗ್‌ನ ಒಳಗೆ ನಿಲ್ಲಿಸಿ, ಸಂದನ್ನು ಪಟ್ಟಿಗೆ ಬಿಡಿ.

ಸ್ಕರ್ಟಿಂಗ್ ಮೂಲಕ ಸ್ಕ್ರೂ ಹೊಡೆಯಲೇಬೇಡಿ. ಅದರ ಹಿಂದೆ ಪೊಳ್ಳಿರಬಹುದು, ವೈರೂ ಇರಬಹುದು. ಟೈಲ್ಸ್ ಆದರೆ ಹ್ಯಾಮರ್ ಡ್ರಿಲ್ಲಿಗೆ ಬಿರಿಯುತ್ತದೆ. ಮೇಲೆ ಗೋಡೆಗೇ ಬಿಗಿಯಿರಿ. ಸ್ಕ್ರೂ ಹೋಗುವ ಕಡೆಯೆಲ್ಲ ಹಲಗೆಗೂ ಗೋಡೆಗೂ ನಡುವೆ ಬೆಣೆ ಇರಲೇಬೇಕು. ಇಲ್ಲದಿದ್ದರೆ ಬಿಗಿಸಿದಂತೆ ಹಲಗೆ ಗೋಡೆಯತ್ತ ಬಾಗಿ ಬಾಗಿಲು ಕೂರುವುದಿಲ್ಲ.

ಅಡ್ಡಹಲಗೆಯ ಬಗ್ಗೆ ಒಂದೇ ಮಾತು. ಪುಸ್ತಕ ತುಂಬುವುದಾದರೆ 18 ಮಿ.ಮೀ. ಪ್ಲೈವುಡ್‌ಗೆ 800 ಮಿ.ಮೀ. ಒಳಗೆ ಆಧಾರ ಕೊಡಿ. ಉದ್ದ ಒಂದೂವರೆ ಪಟ್ಟಾದರೆ ಜೋಲು ಸುಮಾರು ಐದು ಪಟ್ಟಾಗುತ್ತದೆ.

ಕೊಯ್ದ ಅಂಚುಗಳಿಗೆ, ಮುಖ್ಯವಾಗಿ ನೆಲದ ಬಳಿ, ಜೋಡಿಸುವ ಮೊದಲೇ ಪ್ರೈಮರ್ ಬಳಿಯಿರಿ. ನೆಲ ಒರೆಸುವ ನೀರು ಕುಡಿದ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಕೊನೆಗುಳಿದ 2–3 ಮಿ.ಮೀ. ಸಂದಿಗೆ ಅಕ್ರಿಲಿಕ್ ಸೀಲೆಂಟ್ ತುಂಬಿ; ಸಾಮಾನ್ಯ ಸಿಲಿಕಾನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

– ಇಬ್ಬರು ಬಡಗಿಗಳು